ಪೀಪಾಯಿಯ ತಳದ ಮಡ್ಡಿ: ಕುತ್ತೆತ್ತೂರಿನ ರಿಫೈನರಿಯಲ್ಲಿ ಕ್ಯಾಟಲಿಸ್ಟ್ ಮಾಡುವ ಕೆಲಸ

ಮಂಗಳೂರು ಕಡೆಯಿಂದ ಊಟಿಗೆ ಪ್ರವಾಸ ಹೋದವರು ಎರಡು ಕೆಲಸವನ್ನು ತಪ್ಪಿಸುವುದಿಲ್ಲ. ಒಂದು, ಮೆಟ್ಟುಪಾಳ್ಯದಿಂದ ಹತ್ತುವ ಗುಡ್ಡದ ರೈಲನ್ನು ನೋಡುವುದು. ಎರಡು, ವಾಪಸ್ ಬರುವಾಗ ಗುಡಲೂರಿನಲ್ಲೋ ಊಟಿಯಲ್ಲೋ ಒಂದು ಬಾಟ್ಲಿ ನೀಲಗಿರಿ ಎಣ್ಣೆ ಕಟ್ಟಿಸಿಕೊಳ್ಳುವುದು. ಇವೆರಡೂ ಕಚ್ಚಾ ತೈಲದ ಒಂದು ದೊಡ್ಡ ವಿಷಯವನ್ನು ಅರ್ಥ ಮಾಡಿಕೊಳ್ಳಲು ಸಾಕು.

1899ರಲ್ಲಿ ಕುನೂರಿನವರೆಗೆ, 1908ರಲ್ಲಿ ಊಟಿವರೆಗೆ ಓಡಲು ಶುರುವಾದ ಈ ರೈಲು 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿತು. ಕಲ್ಲಾರ್‌ನಿಂದ ಕುನೂರಿನವರೆಗೆ ಹಲ್ಲಿನ ಹಳಿ, ಸುಮಾರು 12 ಅಡಿಗೆ 1 ಅಡಿಯಷ್ಟು ಏರು. ಒಂದು ಕಾಲದಲ್ಲಿ ಇಂಜಿನ್‌ಗಳಿಗೆ ಕಲ್ಲಿದ್ದಲು ಹಾಕುತ್ತಿದ್ದರು. ನಂತರ ತಿರುಚ್ಚಿಯ ಗೋಲ್ಡನ್ ರಾಕ್ ವರ್ಕ್‌ಶಾಪ್‌ನಲ್ಲಿ ಅವನ್ನು ಫರ್ನೇಸ್ ಆಯಿಲ್ ಉರಿಸುವ ಹಾಗೆ ಬದಲಾಯಿಸಿದರು. ಈಚೆಗೆ ಫರ್ನೇಸ್ ಆಯಿಲ್ ಬಿಟ್ಟು ಡೀಸೆಲ್ ಉರಿಸುವ ಬರ್ನರ್‌ಗಳಿಗೆ ಬದಲಾಯಿಸುವ ಕೆಲಸವೂ ಅಲ್ಲೇ ನಡೆದಿದೆ. ಇಂಜಿನ್ ಹಬೆಯದ್ದೇ, ಗುಡ್ಡವೂ ಅದೇ. ಬದಲಾದದ್ದು ಎಣ್ಣೆ ಮಾತ್ರ.

ಫರ್ನೇಸ್ ಆಯಿಲ್ ಅಂದರೆ ರಿಫೈನರಿಯಲ್ಲಿ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ ಎಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯುವ ಕಪ್ಪು ಮಡ್ಡಿ. ಬೆಟ್ಟದ ಚಳಿಗೆ ಅದು ಸಲೀಸಾಗಿ ಹರಿಯುವುದೇ ಇಲ್ಲ, ಬಿಸಿ ಮಾಡಿ ತೆಳ್ಳಗೆ ಮಾಡಬೇಕು. ಗಂಧಕ ಜಾಸ್ತಿ, ಹೊಗೆ ಜಾಸ್ತಿ. ಜಗತ್ತಿನಲ್ಲಿ ಇದನ್ನು ಕೊಳ್ಳುವವರು ಕಡಿಮೆಯಾಗುತ್ತಿದ್ದಾರೆ. 2017ರಲ್ಲಿ ಸುಪ್ರೀಂ ಕೋರ್ಟ್ ಹರ್ಯಾಣ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಫರ್ನೇಸ್ ಆಯಿಲ್ ಮತ್ತು ಪೆಟ್‌ಕೋಕ್ ಬಳಕೆಗೆ ತಡೆ ಹಾಕಿತು. 2020ರ ಜನವರಿ 1ರಿಂದ ಹಡಗುಗಳ ಇಂಧನದಲ್ಲಿ ಗಂಧಕದ ಮಿತಿ ಶೇ. 3.5ರಿಂದ ಶೇ. 0.5ಕ್ಕೆ ಇಳಿಯಿತು. ಹಾಗಾದರೆ ರಿಫೈನರಿಗಳು ತಳದ ಮಡ್ಡಿಯನ್ನು ಏನು ಮಾಡಬೇಕು? ಇದಕ್ಕೆ ಕರಾವಳಿಯಲ್ಲೇ ಒಂದು ಉತ್ತರ ಇದೆ, ಸುರತ್ಕಲ್ ಹತ್ತಿರದ ಕುತ್ತೆತ್ತೂರಿನಲ್ಲಿ.

ಭಟ್ಟಿಯಿಂದ ಆಗುವುದು, ಆಗದೆ ಇರುವುದು

ನೀಲಗಿರಿಯಲ್ಲಿ ಎಣ್ಣೆ ತೆಗೆಯುವ ಭಟ್ಟಿಯನ್ನು ನೋಡಿದವರಿಗೆ ಗೊತ್ತು: ದೊಡ್ಡ ಪಾತ್ರೆಗೆ ಎಲೆ ತುಂಬಿ ಹಬೆ ಹಾಯಿಸುತ್ತಾರೆ, ಹಬೆಯ ಜೊತೆ ಎಣ್ಣೆ ಮೇಲೆ ಬರುತ್ತದೆ, ತಣ್ಣಗೆ ಮಾಡಿದರೆ ಎಣ್ಣೆ ಬೇರೆ, ನೀರು ಬೇರೆ. ಎಲೆಯಲ್ಲಿ ಮೊದಲೇ ಇದ್ದದ್ದು ಹೊರಗೆ ಬಂತು, ಅಷ್ಟೇ. ಹೊಸದೇನೂ ಹುಟ್ಟಲಿಲ್ಲ.

ರಿಫೈನರಿಯ ಮೊದಲ ಹಂತವೂ ಭಟ್ಟಿಯೇ. ಕಚ್ಚಾ ತೈಲವನ್ನು ಸುಮಾರು 350 ಡಿಗ್ರಿಗೆ ಕಾಯಿಸಿ ಎತ್ತರದ ಗೋಪುರಕ್ಕೆ ಬಿಟ್ಟರೆ ಹಗುರದ್ದು ಮೇಲೆ, ಭಾರದ್ದು ಕೆಳಗೆ. ಕೆಳಗೆ ಉಳಿದದ್ದನ್ನು ನಿರ್ವಾತದಲ್ಲಿ ಇನ್ನೊಮ್ಮೆ ಭಟ್ಟಿ ಇಳಿಸುತ್ತಾರೆ. ಆಮೇಲೂ ತಳದಲ್ಲಿ ಡಾಂಬರಿನಂಥದ್ದು ಉಳಿಯುತ್ತದೆ. ಎಷ್ಟು ಸಲ ಭಟ್ಟಿ ಇಳಿಸಿದರೂ ಆ ಮಡ್ಡಿ ಡೀಸೆಲ್ ಆಗುವುದಿಲ್ಲ, ಯಾಕೆಂದರೆ ಅದರ ಅಣುಗಳೇ ದೊಡ್ಡವು. ಅಣುವನ್ನೇ ಒಡೆಯಬೇಕು.

ತೈಲ ಹಗುರವೋ ಭಾರವೋ ಎಂಬುದನ್ನು ಎಪಿಐ ಡಿಗ್ರಿಯಲ್ಲಿ ಅಳೆಯುತ್ತಾರೆ. ನೀರಿಗೆ 10 ಡಿಗ್ರಿ. ಅಂಕಿ ದೊಡ್ಡದಾದಷ್ಟೂ ತೈಲ ಹಗುರ. ಸುಮಾರು 22ಕ್ಕಿಂತ ಕೆಳಗಿದ್ದರೆ ಭಾರಿ ತೈಲ. ವೆನೆಜುವೆಲಾದ ಮೆರೆ ತೈಲ 16ರ ಆಸುಪಾಸಿನದು, ಮೆಕ್ಸಿಕೊದ ಮಾಯಾ 22ರ ಹತ್ತಿರ. ಸೌದಿಯ ಅರಬ್ ಹೆವಿ ಹೆಸರಲ್ಲೇ ‘ಹೆವಿ’ ಇದ್ದರೂ 27ರ ಆಸುಪಾಸು. ಆದರೆ ಗಂಧಕ ಶೇ. 3ರ ಹತ್ತಿರ ಇರುವುದರಿಂದ ಅದೂ ಕಷ್ಟದ್ದೇ. ಇಲ್ಲೊಂದು ಗೊಂದಲ ಬೇಡ: ರಾಜಸ್ಥಾನದ ಬಾಡ್ಮೇರ್‌ನ ‘ಮಂಗಳಾ’ ತೈಲವನ್ನು ಮಂಗಳೂರಿನದ್ದು ಅಂತ ಕೆಲವರು ತಿಳಿದುಕೊಳ್ಳುವುದುಂಟು. ಅದು ಮೇಣ ತುಂಬಿದ ತೈಲ, ಬಿಸಿ ಪೈಪ್‌ನಲ್ಲೇ ಸಾಗಿಸಬೇಕು. ಅದರ ತೊಂದರೆ ಬೇರೆ ಜಾತಿಯದು.

ಭಾರಿ ತೈಲ ಹಗುರ ತೈಲಕ್ಕಿಂತ ಅಗ್ಗ. ರಿಫೈನರಿಯ ಲಾಭದ ಗುಟ್ಟು ಇಲ್ಲೇ ಇದೆ. ಅಗ್ಗದ ತೈಲ ಕೊಂಡು, ಅದರ ಮಡ್ಡಿಯನ್ನು ಡೀಸೆಲ್, ಪೆಟ್ರೋಲು ಮಾಡಿ ಮಾರಬಲ್ಲವರು ಗೆದ್ದರು. ಮಾಡಲಾಗದವರು ಮಡ್ಡಿಯನ್ನು ಕಚ್ಚಾ ತೈಲಕ್ಕಿಂತ ಕಡಿಮೆ ರೇಟಿಗೆ ಕೊಡಬೇಕಾಗುತ್ತದೆ.

ಕುತ್ತೆತ್ತೂರಿಗೆ ಬಂದದ್ದು

ಎಂಆರ್‌ಪಿಎಲ್ 1988ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಆದಿತ್ಯ ಬಿರ್ಲಾ ಗುಂಪಿನ ಜಂಟಿ ಕಂಪೆನಿಯಾಗಿ ಹುಟ್ಟಿತು. 1996ರಲ್ಲಿ ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯದಿಂದ ಶುರುವಾಗಿ, 1999ರಲ್ಲಿ 96.9 ಲಕ್ಷ ಟನ್ನಿಗೆ ಏರಿತು. 2003ರಲ್ಲಿ ಒಎನ್‌ಜಿಸಿ ಕೈಗೆ ಬಂತು. ಮೂರನೇ ಹಂತದ ವಿಸ್ತರಣೆಯ ನಂತರ ಈಗ 150 ಲಕ್ಷ ಟನ್. 24ರಿಂದ 46 ಎಪಿಐವರೆಗಿನ ತೈಲಗಳನ್ನು ಸಂಸ್ಕರಿಸಬಲ್ಲ ವಿನ್ಯಾಸ ಎಂದು ಕಂಪೆನಿ ಹೇಳಿಕೊಳ್ಳುತ್ತದೆ. ಬಹುಕಾಲ ಇರಾನ್ ತೈಲದ ದೊಡ್ಡ ಗಿರಾಕಿಯಾಗಿತ್ತು. 2019ರ ಮೇ ತಿಂಗಳಲ್ಲಿ ಅಮೆರಿಕದ ದಿಗ್ಬಂಧನದ ವಿನಾಯಿತಿ ಮುಗಿದಾಗ ಆ ಬಾಗಿಲು ಮುಚ್ಚಿತು. ಅಂಥ ಹೊತ್ತಲ್ಲಿ ಯಾವ ದೇಶದ ಯಾವ ತೈಲ ಸಿಕ್ಕಿದರೂ ಹಾಕಬಲ್ಲ ರಿಫೈನರಿಗೆ ಹೆಚ್ಚು ಪೆಟ್ಟಾಗುವುದಿಲ್ಲ.

ಮೂರನೇ ಹಂತದ ಮುಖ್ಯ ಉದ್ದೇಶವೇ ತಳದ ಮಡ್ಡಿಯನ್ನು ಮೇಲಕ್ಕೆತ್ತುವುದು. ಅದಕ್ಕಾಗಿ ಬಂದವು ವರ್ಷಕ್ಕೆ 30 ಲಕ್ಷ ಟನ್ನಿನ ಡಿಲೇಡ್ ಕೋಕರ್, ಕೋಕರ್‌ನಿಂದ ಬರುವ ಭಾರದ ಎಣ್ಣೆಯನ್ನು ಶುದ್ಧ ಮಾಡುವ ಹೈಡ್ರೋಟ್ರೀಟರ್, 22 ಲಕ್ಷ ಟನ್ನಿನ ಪೆಟ್ರೋಕೆಮಿಕಲ್ ಎಫ್‌ಸಿಸಿ, ಮತ್ತು ಗಂಧಕ ತೆಗೆಯುವ ಘಟಕಗಳು. ಇದಕ್ಕೆ ಮುಂಚೆಯೇ ಅಲ್ಲಿ ಎರಡು ಹೈಡ್ರೋಕ್ರ್ಯಾಕರ್‌ಗಳಿದ್ದವು.

ಇವುಗಳಲ್ಲಿ ಕೋಕರ್‌ಗೆ ಕ್ಯಾಟಲಿಸ್ಟ್ ಬೇಡ, ಬೆಂಕಿ ಸಾಕು. ಮಡ್ಡಿಯನ್ನು 500 ಡಿಗ್ರಿ ಆಸುಪಾಸಿಗೆ ಕಾಯಿಸಿ ಎತ್ತರದ ಡ್ರಮ್‌ಗೆ ಬಿಟ್ಟರೆ ಅಣುಗಳು ಶಾಖಕ್ಕೇ ಒಡೆದು ಎಣ್ಣೆ ಮೇಲೆ ಹೋಗುತ್ತದೆ, ಇಂಗಾಲ ಗಟ್ಟಿ ಕೋಕ್ ಆಗಿ ಡ್ರಮ್ಮಿನಲ್ಲಿ ಕೂರುತ್ತದೆ. ಕೋಕನ್ನು ಭಾರಿ ಒತ್ತಡದ ನೀರಿನಿಂದ ಕತ್ತರಿಸಿ ತೆಗೆಯಬೇಕು. ಮಡ್ಡಿಯಲ್ಲಿದ್ದ ಲೋಹ ಬಹುಪಾಲು ಆ ಕೋಕ್‌ನಲ್ಲೇ ಉಳಿಯುತ್ತದೆ. ಕ್ಯಾಟಲಿಸ್ಟ್ ಕೆಲಸ ಶುರುವಾಗುವುದು ಆಮೇಲೆ.

ಮೂರು ಸೆಕೆಂಡಿನ ಕೆಲಸ

ಕ್ಯಾಟಲಿಸ್ಟ್ ಅಂದರೆ ಕ್ರಿಯೆಯನ್ನು ವೇಗವಾಗಿ ಮಾಡಿಸಿ, ತಾನು ಅದರಲ್ಲಿ ಖರ್ಚಾಗದ ವಸ್ತು. ಶಾಲೆಯ ಪುಸ್ತಕ ಹೇಳುವುದು ಇಷ್ಟು. ರಿಫೈನರಿಯಲ್ಲಿ ಅದು ಖರ್ಚಾಗುತ್ತದೆ, ಕೊಳೆಯಾಗುತ್ತದೆ, ಸಾಯುತ್ತದೆ ಕೂಡ. ಇಡೀ ಇಂಜಿನಿಯರಿಂಗ್ ಇರುವುದೇ ಆ ಸಾವನ್ನು ಮುಂದೂಡುವುದರಲ್ಲಿ.

ಫ್ರಾನ್ಸ್‌ನ ಯೂಜೀನ್ ಹೌಡ್ರಿ 1930ರ ದಶಕದಲ್ಲಿ ಅಮೆರಿಕದಲ್ಲಿ ಜೇಡಿಮಣ್ಣಿನಂಥ ಕ್ಯಾಟಲಿಸ್ಟ್ ಇಟ್ಟು ಭಾರದ ಎಣ್ಣೆಯನ್ನು ಒಡೆದು ತೋರಿಸಿದ. ತೊಂದರೆ ಏನೆಂದರೆ ಕೆಲವೇ ನಿಮಿಷದಲ್ಲಿ ಅದರ ಮೇಲೆ ಇಂಗಾಲ ಕೂತು ಕೆಲಸ ನಿಲ್ಲುತ್ತಿತ್ತು. ಮತ್ತೆ ಮತ್ತೆ ನಿಲ್ಲಿಸಿ ಇಂಗಾಲ ಸುಡಬೇಕಿತ್ತು. ಇದಕ್ಕೆ ಪರಿಹಾರ ಸಿಕ್ಕಿದ್ದು ಯುದ್ಧಕಾಲದಲ್ಲಿ, 1942ರಲ್ಲಿ ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ. ಕ್ಯಾಟಲಿಸ್ಟನ್ನು ನುಣ್ಣಗೆ ಹುಡಿ ಮಾಡಿ, ಗಾಳಿ–ಹಬೆಯ ಜೊತೆ ನೀರಿನ ಹಾಗೆ ಹರಿಯುವಂತೆ ಮಾಡಿದರು. ಎಫ್‌ಸಿಸಿ ಹೆಸರಿನ ‘ಫ್ಲೂಯಿಡ್’ ಬಂದದ್ದು ಇಲ್ಲಿಂದ.

ಇವತ್ತಿನ ಎಫ್‌ಸಿಸಿಯೂ ಹಾಗೇ. ಕಣದ ಗಾತ್ರ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಚಿಕ್ಕದು, ಮುಟ್ಟಿದರೆ ಟಾಲ್ಕಂ ಪೌಡರಿನ ಹಾಗೆ. ಉದ್ದದ ನಿಲುವು ಪೈಪಿನ ಬುಡದಲ್ಲಿ ಬಿಸಿ ಹುಡಿಗೆ ಎಣ್ಣೆ ಚಿಮುಕಿಸುತ್ತಾರೆ. ಎಣ್ಣೆ ಕೂಡಲೇ ಆವಿಯಾಗಿ, ಹುಡಿಯನ್ನೂ ಎಳೆದುಕೊಂಡು ಮೇಲೇರುತ್ತದೆ. 530ರಿಂದ 560 ಡಿಗ್ರಿ ಬಿಸಿ, ಎರಡು ಮೂರು ಸೆಕೆಂಡು, ಅಷ್ಟರಲ್ಲಿ ಒಡೆಯುವ ಕೆಲಸ ಮುಗಿಯಿತು. ಮೇಲೆ ಹುಡಿ ಮತ್ತು ಆವಿ ಬೇರೆಯಾಗುತ್ತವೆ. ಕಪ್ಪಾದ ಹುಡಿ ಪಕ್ಕದ ರೀಜನರೇಟರಿಗೆ ಇಳಿದು, ಅಲ್ಲಿ 700 ಡಿಗ್ರಿ ಆಸುಪಾಸಿನಲ್ಲಿ ಗಾಳಿಗೆ ಅದರ ಇಂಗಾಲ ಉರಿದು, ಬೆಳ್ಳಗಾಗಿ ಮತ್ತೆ ಪೈಪಿನ ಬುಡಕ್ಕೆ. ಆ ಉರಿಯ ಶಾಖವೇ ಮುಂದಿನ ಎಣ್ಣೆಯನ್ನು ಕಾಯಿಸುತ್ತದೆ. ಒಂದು ಟನ್ ಎಣ್ಣೆಗೆ ಐದಾರು ಟನ್ ಹುಡಿ ಸುತ್ತುತ್ತದೆ, ಹಗಲು ರಾತ್ರಿ, ವರ್ಷಗಟ್ಟಲೆ.

ಹುಡಿಯೊಳಗೆ ಇರುವುದು ಜಿಯೋಲೈಟ್. ಸಿಲಿಕಾ, ಅಲ್ಯೂಮಿನಾದ ಹರಳು, ಒಳಗೆಲ್ಲ ಒಂದೇ ಅಳತೆಯ ರಂಧ್ರಗಳು. ‘ವೈ’ ಎಂಬ ಜಾತಿಯಲ್ಲಿ ರಂಧ್ರ ಸುಮಾರು 0.74 ನ್ಯಾನೋಮೀಟರ್. ಇದಕ್ಕೆ ಝಡ್‌ಎಸ್‌ಎಂ-5 ಎಂಬ ಇನ್ನೂ ಸಣ್ಣ ರಂಧ್ರದ ಹರಳನ್ನು ಬೆರೆಸಿದರೆ ಪ್ರೊಪಿಲೀನ್ ಅನಿಲ ಹೆಚ್ಚು ಬರುತ್ತದೆ. ಪೆಟ್ರೋಕೆಮಿಕಲ್ ಎಫ್‌ಸಿಸಿ ಅಂದರೆ ಪ್ರೊಪಿಲೀನಿನ ಮೇಲೆ ಕಣ್ಣಿಟ್ಟ ಎಫ್‌ಸಿಸಿ. ಎಂಆರ್‌ಪಿಎಲ್ ಈ ಅನಿಲದಿಂದ ವರ್ಷಕ್ಕೆ 4.4 ಲಕ್ಷ ಟನ್ ಸಾಮರ್ಥ್ಯದ ಘಟಕದಲ್ಲಿ ಪಾಲಿಪ್ರೊಪಿಲೀನ್ ಮಾಡಿ ‘ಮ್ಯಾಂಗ್‌ಪೋಲ್’ ಹೆಸರಲ್ಲಿ ಮಾರುತ್ತದೆ. ಮದುವೆ ಹಾಲ್‌ನ ಪ್ಲಾಸ್ಟಿಕ್ ಕುರ್ಚಿ, ಅಕ್ಕಿ ಚೀಲ, ಬಕೆಟ್, ಎಲ್ಲ ಈ ಜಾತಿಯ ಪ್ಲಾಸ್ಟಿಕ್‌ನಿಂದಲೇ ಆಗುವುದು.

ಹಾಗಾದರೆ ಮಡ್ಡಿಯನ್ನು ನೇರವಾಗಿ ಇದಕ್ಕೇ ಸುರಿಯಬಾರದೇ? ಸುರಿದರೆ ಹುಡಿ ಹಾಳಾಗುತ್ತದೆ. ಮಡ್ಡಿಯ ಅಸ್ಫಾಲ್ಟೀನ್ ಅಣುಗಳು ರಂಧ್ರದ ಬಾಗಿಲಿಗಿಂತ ದೊಡ್ಡವು, ಒಳಗೇ ಹೋಗುವುದಿಲ್ಲ. ಅದರ ಜೊತೆ ಬರುವ ವನೇಡಿಯಂ ಜಿಯೋಲೈಟಿನ ಹರಳನ್ನೇ ಕುಸಿಯುವಂತೆ ಮಾಡುತ್ತದೆ. ನಿಕ್ಕೆಲ್ ಬೇಡದ ಕಡೆ ಹೈಡ್ರೋಜನ್, ಇಂಗಾಲ ಹುಟ್ಟಿಸುತ್ತದೆ. ಇಂಗಾಲವನ್ನು ಸುಡಬಹುದು, ಲೋಹವನ್ನು ಸುಡಲಾಗದು. ಅದಕ್ಕೇ ಸ್ವಲ್ಪ ಸ್ವಲ್ಪ ಹಳೇ ಹುಡಿ ತೆಗೆದು ಹೊಸದು ಹಾಕುತ್ತಲೇ ಇರಬೇಕು. ಕುತ್ತೆತ್ತೂರಿನಲ್ಲಿ ಕೋಕರ್, ಹೈಡ್ರೋಟ್ರೀಟರ್, ಎಫ್‌ಸಿಸಿ ಸಾಲಾಗಿ ನಿಂತದ್ದು ಈ ಕಾರಣಕ್ಕೆ.

ಹೈಡ್ರೋಜನ್ ದಾರಿ

ಇನ್ನೊಂದು ದಾರಿಯೂ ಇದೆ. ಡೀಸೆಲ್ ತೂಕದಲ್ಲಿ ಹೈಡ್ರೋಜನ್ ಪಾಲು ಶೇ. 13ರ ಮೇಲೆ, ಮಡ್ಡಿಯಲ್ಲಿ ಶೇ. 10–11. ಕೋಕರ್ ಮತ್ತು ಎಫ್‌ಸಿಸಿ ಹೆಚ್ಚಾದ ಇಂಗಾಲವನ್ನು ಹೊರಗೆ ಹಾಕಿ ಲೆಕ್ಕ ಸರಿ ಮಾಡುತ್ತವೆ. ಹೈಡ್ರೋಕ್ರ್ಯಾಕರ್ ಹೊರಗಿನಿಂದ ಹೈಡ್ರೋಜನ್ ಸೇರಿಸಿ ಸರಿ ಮಾಡುತ್ತದೆ. ಖರ್ಚು ಹೆಚ್ಚು, ಆದರೆ ಬರುವ ಡೀಸೆಲ್ ಚೊಕ್ಕ.

ಇಲ್ಲಿ ಕ್ಯಾಟಲಿಸ್ಟ್ ಹುಡಿ ಅಲ್ಲ, ಕೆಲವು ಮಿಲಿಮೀಟರ್ ಉದ್ದದ ಕಡ್ಡಿಗಳು: ಅಲ್ಯೂಮಿನಾ ಮೇಲೆ ನಿಕ್ಕೆಲ್, ಕೋಬಾಲ್ಟ್, ಮಾಲಿಬ್ಡಿನಂ ಅಥವಾ ಟಂಗ್‌ಸ್ಟನ್. ದಪ್ಪ ಉಕ್ಕಿನ ರಿಯಾಕ್ಟರ್, 350ರಿಂದ 430 ಡಿಗ್ರಿ, ವಾತಾವರಣದ ಒತ್ತಡದ ನೂರರಿಂದ ಇನ್ನೂರು ಪಟ್ಟು. ಹೈಡ್ರೋಜನನ್ನು ನಾಫ್ತಾ ಅಥವಾ ನೈಸರ್ಗಿಕ ಅನಿಲದಿಂದ ಮಾಡಬೇಕು. 2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಗ್ಯಾಸ್ ಪೈಪ್‌ಲೈನ್ ಈ ಕಾರಣಕ್ಕೂ ರಿಫೈನರಿಗೆ ಮುಖ್ಯ. ಆದರೆ ಹೀಗೆ ಒಂದು ಕಿಲೋ ಹೈಡ್ರೋಜನ್ ಮಾಡಿದರೆ ಒಂಬತ್ತು ಹತ್ತು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ‘ಕ್ಲೀನ್ ಫ್ಯೂಯೆಲ್’ ಜಾಹೀರಾತಿನಲ್ಲಿ ಈ ಲೆಕ್ಕ ಕಾಣಿಸುವುದಿಲ್ಲ.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಇಂಧನ ಬಂತು. ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 50 ಪಾಲಿನಿಂದ 10 ಪಾಲಿಗೆ ಇಳಿಯಿತು. ಮಸಿನಗುಡಿಯಿಂದ ಕಲ್ಲಟ್ಟಿಯ 36 ತಿರುವು ಹತ್ತುವ ಜೀಪಿನ ಹಿಂದೆ ಗಂಧಕದ ಹೊಗೆ ಕಡಿಮೆಯಾಗಿದ್ದರೆ ಅದಕ್ಕೆ ಈ ಕಡ್ಡಿಗಳ ಪಾಲೂ ಇದೆ.

ಗಂಧಕ ಎಲ್ಲಿ ಹೋಯಿತು?

ಎಣ್ಣೆಯಿಂದ ತೆಗೆದ ಗಂಧಕ ಮಾಯವಾಗುವುದಿಲ್ಲ. ಹೈಡ್ರೋಜನ್ ಜೊತೆ ಸೇರಿ ಹೈಡ್ರೋಜನ್ ಸಲ್ಫೈಡ್ ಅನಿಲವಾಗುತ್ತದೆ. ಅದನ್ನು ಕ್ಲಾಸ್ ವಿಧಾನದಲ್ಲಿ ಹಳದಿ ಗಂಧಕ ಮಾಡಿ, ಸಲ್ಫ್ಯೂರಿಕ್ ಆಸಿಡ್ ಮತ್ತು ಗೊಬ್ಬರದ ಕಂಪೆನಿಗಳಿಗೆ ಮಾರುತ್ತಾರೆ. ಕೋಕ್ ಸಿಮೆಂಟ್ ಕಾರ್ಖಾನೆಗಳಿಗೆ ಹೋಗುತ್ತದೆ. ಕಾಗದದ ಮೇಲೆ ಎಲ್ಲ ಸರಿ.

ರಿಫೈನರಿಯ ಬೇಲಿ ಪಕ್ಕದಲ್ಲಿ ಇರುವವರ ಲೆಕ್ಕ ಬೇರೆ. ಕಾಟಿಪಳ್ಳ, ಕೃಷ್ಣಾಪುರಗಳು ನವಮಂಗಳೂರು ಬಂದರಿಗೆ ಜಾಗ ಬಿಟ್ಟವರಿಗೆ ಕೊಟ್ಟ ಊರುಗಳು. ಒಂದು ಯೋಜನೆಗೆ ಎದ್ದು ಬಂದವರ ಬಾಗಿಲಿಗೆ ಇನ್ನೊಂದು ಯೋಜನೆ ಬಂದು ನಿಂತಿತು. ಕೋಕರ್ ಮತ್ತು ಗಂಧಕ ಘಟಕ ಶುರುವಾದ ಮೇಲೆ ಜೋಕಟ್ಟೆ, ಕಳವಾರು ಭಾಗದ ಜನ ಮನೆ–ಬಾವಿಗೆ ಕಪ್ಪು ಹುಡಿ, ಕೆಟ್ಟ ವಾಸನೆ, ರಾತ್ರಿಯ ಶಬ್ದ ಅಂತ ದೂರು ಕೊಟ್ಟರು. ನಾಗರಿಕ ಹೋರಾಟ ಸಮಿತಿ ಕಟ್ಟಿ ವರ್ಷಗಟ್ಟಲೆ ಧರಣಿ ನಡೆಸಿದರು. ಕೊನೆಗೆ ರಾಜ್ಯ ಸರ್ಕಾರ 27 ಎಕರೆಯಲ್ಲಿ ಹಸಿರು ವಲಯವೂ ಸೇರಿದಂತೆ ಪರಿಹಾರ ಕ್ರಮಗಳಿಗೆ ಆದೇಶ ಮಾಡಿತು. ಜಾರಿ ನಿಧಾನ ಎಂಬ ದೂರು ಆಮೇಲೂ ನಿಲ್ಲಲಿಲ್ಲ. ಹುಡಿಯ ಬಗ್ಗೆ ದೂರು ಕೊಟ್ಟವರನ್ನು ಅಭಿವೃದ್ಧಿಯ ವಿರೋಧಿಗಳು ಅನ್ನುವುದು ಸುಲಭ. ಆದರೆ ಭಾರಿ ತೈಲದ ಕೊಳೆ ಎಲ್ಲೋ ಒಂದು ಕಡೆ ಹೊರಗೆ ಬರಲೇಬೇಕು ಎಂಬುದು ರಸಾಯನಶಾಸ್ತ್ರದ ಮಾತೇ.

ಹೈಡ್ರೋಜನ್ ಸಲ್ಫೈಡ್ ವಿಷಯ ಇನ್ನೂ ಗಂಭೀರ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹತ್ತು ಲಕ್ಷಕ್ಕೆ 100 ಪಾಲು ದಾಟಿದರೆ ಮೂಗೇ ಸೋತು ವಾಸನೆ ನಿಲ್ಲುತ್ತದೆ. ‘ಈಗ ವಾಸನೆ ಇಲ್ಲ, ಹೋಗಬಹುದು’ ಅಂದುಕೊಂಡವನು ಬಿದ್ದ ಎಂದೇ ಅರ್ಥ. 500 ದಾಟಿದರೆ ಜೀವಕ್ಕೇ ಅಪಾಯ. 2025ರ ಜುಲೈ 12ರಂದು ಎಂಆರ್‌ಪಿಎಲ್‌ನಲ್ಲಿ ಟ್ಯಾಂಕೊಂದರ ಮೇಲೆ ಪರಿಶೀಲನೆಗೆ ಹೋಗಿದ್ದ ಇಬ್ಬರು ಆಪರೇಟರ್‌ಗಳು ಈ ಅನಿಲ ಸೋರಿಕೆಯಿಂದ ಸಾವಿಗೀಡಾದರು. ಅವರನ್ನು ಉಳಿಸಲು ಹೋದ ಇನ್ನೊಬ್ಬರು ಆಸ್ಪತ್ರೆ ಸೇರಿದರು.

ಶಟ್‌ಡೌನ್ ಕೆಲಸಕ್ಕೆ ಹೋಗುವವರು

ಕರಾವಳಿಯ ಎಷ್ಟೋ ಮನೆಗಳಿಗೆ ರಿಫೈನರಿ ಅಂದರೆ ಕುತ್ತೆತ್ತೂರು ಮಾತ್ರ ಅಲ್ಲ. ಜುಬೈಲ್, ಯಾನ್ಬು, ಅಹ್ಮದಿ, ರುವೈಸ್ ಕೂಡ. ಜುಬೈಲ್‌ನ ಸಾಟೋರ್ಪ್, ಯಾನ್ಬುವಿನ ಯಾಸ್ರೆಫ್ ಎರಡೂ ದಿನಕ್ಕೆ ನಾಲ್ಕು ಲಕ್ಷ ಬ್ಯಾರೆಲ್ ಸಾಮರ್ಥ್ಯದಲ್ಲಿ, ಅರಬ್ ಹೆವಿಯನ್ನು ಹಾಕಲಿಕ್ಕೆಂದೇ ಕಟ್ಟಿದವು. ಕುವೈತ್‌ನ ಅಲ್-ಝೂರ್ ದಿನಕ್ಕೆ 6.15 ಲಕ್ಷ ಬ್ಯಾರೆಲ್‌ನದ್ದು, ಅಲ್ಲಿ ತಳದ ಎಣ್ಣೆಯಿಂದ ಗಂಧಕ ತೆಗೆಯುವ ದೊಡ್ಡ ಘಟಕಗಳಿವೆ. ಇಂಥ ಘಟಕಗಳಲ್ಲಿ ಲೋಹ ತುಂಬಿ ಸತ್ತ ಕ್ಯಾಟಲಿಸ್ಟನ್ನು ಆಗಾಗ ಬದಲಾಯಿಸಬೇಕು. ಶಟ್‌ಡೌನ್ ಹೊತ್ತಿಗೆ ನೂರಾರು ಕಾಂಟ್ರಾಕ್ಟ್ ಕೆಲಸಗಾರರು ಬೇಕಾಗುವುದು ಆಗ.

ಈ ಕೆಲಸದ ಅಪಾಯವನ್ನು ಏಜೆಂಟರು ಹೇಳುವುದು ಕಡಿಮೆ. ಬಳಸಿದ ಕ್ಯಾಟಲಿಸ್ಟ್ ಗಂಧಕ ಮತ್ತು ಎಣ್ಣೆ ಹೀರಿಕೊಂಡಿರುತ್ತದೆ, ಗಾಳಿ ತಾಗಿದರೆ ತಾನಾಗಿ ಕಾವೇರಿ ಉರಿಯಬಹುದು. ಅದಕ್ಕೇ ರಿಯಾಕ್ಟರಿನೊಳಗೆ ನೈಟ್ರೋಜನ್ ತುಂಬಿರುತ್ತಾರೆ. ನೈಟ್ರೋಜನ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಉಸಿರು ಕಟ್ಟಿದ ಅನುಭವವೂ ಆಗುವುದಿಲ್ಲ. ಒಂದೆರಡು ಉಸಿರಿಗೆ ಪ್ರಜ್ಞೆ ಹೋಗುತ್ತದೆ. ಒಳಗೆ ಇಳಿಯುವವರು ಹೊರಗಿನಿಂದ ಗಾಳಿ ಬರುವ ಹೆಲ್ಮೆಟ್ ಹಾಕಿರಬೇಕು, ಬಾಯಿಯ ಹತ್ತಿರ ಒಬ್ಬ ಕಾವಲಿರಬೇಕು, ಎಳೆಯುವ ಹಗ್ಗ ಇರಬೇಕು. ಬಟ್ಟೆಯ ಮಾಸ್ಕ್, ಧೂಳಿನ ಮಾಸ್ಕ್ ಇಲ್ಲಿ ಲೆಕ್ಕಕ್ಕಿಲ್ಲ. ಒಳಗೆ ಬಿದ್ದವನನ್ನು ನೋಡಿ ಗೆಳೆಯ ಹಾಗೇ ಇಳಿದರೆ ಎರಡು ಜನಾಝಾ ಆಗುತ್ತದೆ. ಗ್ಯಾಸ್ ಟೆಸ್ಟ್ ಮಾಡಿ ಸಹಿ ಹಾಕಿದ ಪರ್ಮಿಟ್ ಕೈಗೆ ಬರುವವರೆಗೆ ಒಳಗೆ ಇಳಿಯುವುದಿಲ್ಲ ಎನ್ನಲು ಕೆಲಸಗಾರನಿಗೆ ಹಕ್ಕಿದೆ.

ಓದಿ ಬರುವವರಿಗೆ ದಾರಿ ಇದೆ. ಐಟಿಐನಲ್ಲಿ ಅಟೆಂಡೆಂಟ್ ಆಪರೇಟರ್ ಕೆಮಿಕಲ್ ಪ್ಲಾಂಟ್ ಎಂಬ ಟ್ರೇಡ್ ಇದೆ, ಆಮೇಲೆ ಕೆಮಿಕಲ್ ಡಿಪ್ಲೊಮಾ. ಕೆಮಿಕಲ್ ಇಂಜಿನಿಯರಿಂಗ್ ಸುರತ್ಕಲ್‌ನ ಎನ್‌ಐಟಿಕೆಯಲ್ಲೇ ಇದೆ. ಕ್ಯಾಟಲಿಸ್ಟ್ ಸಂಶೋಧನೆಗೆ ಡೆಹ್ರಾಡೂನ್‌ನ ಭಾರತೀಯ ಪೆಟ್ರೋಲಿಯಂ ಸಂಸ್ಥೆ, ಫರೀದಾಬಾದ್‌ನ ಇಂಡಿಯನ್ ಆಯಿಲ್ ಕೇಂದ್ರ ಹೆಸರು ಮಾಡಿವೆ. ಭಾರದ ಎಣ್ಣೆಯಿಂದ ಅಡುಗೆ ಅನಿಲ, ಪ್ರೊಪಿಲೀನ್ ಹೆಚ್ಚು ತೆಗೆಯುವ ‘ಇಂಡ್‌ಮ್ಯಾಕ್ಸ್’ ಫರೀದಾಬಾದಿನ ಕೊಡುಗೆ.

ಈಗ ಪೈಪೋಟಿ ನಡೆಯುತ್ತಿರುವುದು ಕೋಕ್ ಮಾಡದೆಯೇ ಮಡ್ಡಿಯನ್ನು ಒಡೆಯುವ ವಿಷಯದಲ್ಲಿ. ವಿಶಾಖಪಟ್ಟಣದ ಎಚ್‌ಪಿಸಿಎಲ್ ರಿಫೈನರಿ ಅದಕ್ಕೆಂದು ವರ್ಷಕ್ಕೆ 35.5 ಲಕ್ಷ ಟನ್ನಿನ ಎಲ್‌ಸಿ-ಮ್ಯಾಕ್ಸ್ ಘಟಕ ಕಟ್ಟಿದೆ. ಅದರ ರಿಯಾಕ್ಟರಿನಲ್ಲಿ ಕ್ಯಾಟಲಿಸ್ಟ್ ಒಂದೇ ಕಡೆ ಕೂರುವುದಿಲ್ಲ, ಕುದಿಯುವ ಗಂಜಿಯ ಅನ್ನದ ಹಾಗೆ ಎಣ್ಣೆಯೊಳಗೆ ತಿರುಗುತ್ತಿರುತ್ತದೆ. ಓಡುತ್ತಿರುವಾಗಲೇ ಹಳೆಯದನ್ನು ತೆಗೆದು ಹೊಸದನ್ನು ಹಾಕಬಹುದು. ಹೊರಗೆ ತೆಗೆದದ್ದು 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ, ಎಲ್ಲೆಂದರಲ್ಲಿ ಸುರಿಯುವಂತಿಲ್ಲ. ಮುಚ್ಚಿದ ಡ್ರಮ್ಮುಗಳಲ್ಲಿ ಪರವಾನಗಿ ಇದ್ದವರಿಗೆ ಹೋಗಬೇಕು, ಅವರು ಅದನ್ನು ಹುರಿದು ಮಾಲಿಬ್ಡಿನಂ, ನಿಕ್ಕೆಲ್, ವನೇಡಿಯಂ ತೆಗೆಯುತ್ತಾರೆ. ಆ ವನೇಡಿಯಂ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ.